ಅತಂತ್ರವಾದರೆ ಯಾರ ಜೊತೆ? ಟಿಕೆಟ್ ಆಕಾಂಕ್ಷಿಗಳಿಗೊಂದು ಬಹಿರಂಗ ಪತ್ರ

ಮುಂದಿನ ವಿಧಾನಸಭೆ ಚುನಾವಣೆಗೆ ಟಿಕೆಟ್ ಬಯಸಿರುವ ಎಲ್ಲ ಪಕ್ಷಗಳ ಆಕಾಂಕ್ಷಿಗಳಿಗೆ,

ಮಾನ್ಯರೇ,

ಇಂಥ ಪತ್ರವನ್ನು ಶಾಸಕರಿಗೆ ಬರೆಯಿರಿ, ಪಕ್ಷಗಳ ಅಧ್ಯಕ್ಷರಿಗೆ ಬರೆಯಿರಿ ಎಂದು ಗೆಳೆಯರು ಹೇಳಿದರು. ನಾನು ಬೇಕೆಂದೇ ನಿಮ್ಮನ್ನು ಆರಿಸಿಕೊಂಡಿದ್ದೇನೆ. ಬಿ ಫಾರಂ ಕೈಗೆ ಬಂದ ಮೇಲೆ ನಿಮಗೆ ಪುರಸೊತ್ತು ಇರುವುದಿಲ್ಲ. ಗೆದ್ದ ಮೇಲೆ ನಿಮ್ಮ ಫೋನನ್ನು ಬೇರೆ ಯಾರೋ ಎತ್ತುತ್ತಾರೆ. ಈಗ ಮದುವೆ, ಗೃಹಪ್ರವೇಶ, ಜಾತ್ರೆ, ತೇರು ಎಂದು ಊರೂರು ತಿರುಗುತ್ತಿದ್ದೀರಿ. ಯಾರು ಕೈಯೆತ್ತಿದರೂ ಗಾಡಿ ನಿಲ್ಲಿಸುತ್ತೀರಿ. ನನ್ನಂಥವನ ಮಾತಿಗೂ ಎರಡು ನಿಮಿಷ ಸಿಗುವ ಕಾಲವೆಂದರೆ ಇದೇ.

ಕೇಳಬೇಕಿರುವುದು ಇಷ್ಟು: 2028ರಲ್ಲಿ ಯಾವ ಪಕ್ಷಕ್ಕೂ 113 ಸ್ಥಾನ ಬಾರದಿದ್ದರೆ ನೀವು ಯಾರ ಜೊತೆ ಕೂರುತ್ತೀರಿ? ಯಾರ ಜೊತೆ ಕೂರುವುದಿಲ್ಲ? ಅದನ್ನು ಮತ ಕೇಳುವಾಗಲೇ ನಮಗೆ ಹೇಳಿಬಿಡಿ.

ಇದು ದೂರದ ಊಹೆಯಲ್ಲ. ಕಳೆದ ಐದು ವಿಧಾನಸಭೆ ಚುನಾವಣೆಗಳಲ್ಲಿ ಮೂರರಲ್ಲಿ, ಅಂದರೆ 2004, 2008 ಮತ್ತು 2018ರಲ್ಲಿ, ಯಾರಿಗೂ ಬಹುಮತ ಬರಲಿಲ್ಲ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. 2008ರಲ್ಲಿ ಬಿಜೆಪಿ 110ಕ್ಕೆ ನಿಂತು, ಪಕ್ಷೇತರರನ್ನು ಮಂತ್ರಿ ಮಾಡಿ ಸರ್ಕಾರ ರಚಿಸಿತು. 2018ರಲ್ಲಿ ಫಲಿತಾಂಶದ ದಿನ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಇಷ್ಟಾದರೂ ನಮ್ಮಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಪಕ್ಷಕ್ಕೆ ಸ್ಪಷ್ಟ ಬಹುಮತ ಖಚಿತ ಎಂಬಂತೆಯೇ ಪ್ರಚಾರ ಮಾಡುತ್ತಾನೆ. ಬಹುಮತ ಬಾರದಿದ್ದರೆ ಎಂದು ಕೇಳಿದರೆ, ಅಪಶಕುನ ನುಡಿದವರನ್ನು ನೋಡಿದಂತೆ ನೋಡುತ್ತಾನೆ.

ನಾಮಪತ್ರದ ಜೊತೆ ಅಭ್ಯರ್ಥಿಗಳು ಸಲ್ಲಿಸುವ ಪ್ರಮಾಣಪತ್ರವನ್ನು ಓದುವ ಚಟ ನನಗುಂಟು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಒಳ್ಳೆಯ ವ್ಯವಸ್ಥೆ ಅದು. ನಿಮ್ಮ ಮನೆಯಲ್ಲಿ ಎಷ್ಟು ಗ್ರಾಂ ಬಂಗಾರವಿದೆ, ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲವಿದೆ, ಯಾವ ಠಾಣೆಯಲ್ಲಿ ಯಾವ ಕಲಮಿನಡಿ ಕೇಸಿದೆ, ಎಷ್ಟನೇ ಇಯತ್ತೆಗೆ ಶಾಲೆ ಬಿಟ್ಟಿರಿ, ಎಲ್ಲವೂ ಅದರಲ್ಲಿ ತಿಳಿಯುತ್ತದೆ. ಚುನಾವಣೆ ಮುಗಿದ ಮರುವಾರ ನೀವು ಯಾರನ್ನು ಮುಖ್ಯಮಂತ್ರಿ ಮಾಡಲು ಕೈಯೆತ್ತುತ್ತೀರಿ ಎಂಬುದೊಂದು ತಿಳಿಯುವುದಿಲ್ಲ. ನನ್ನ ಮತಕ್ಕೆ ಬೇಕಾಗಿರುವುದು ನಿಮ್ಮ ಬಂಗಾರದ ಲೆಕ್ಕಕ್ಕಿಂತ ಹೆಚ್ಚಾಗಿ ಈ ಲೆಕ್ಕ.

ನಾನು ಸಮ್ಮಿಶ್ರ ಸರ್ಕಾರಗಳ ವಿರೋಧಿಯಲ್ಲ. ಸ್ಥಿರ ಸರ್ಕಾರ ಬೇಕು, ಒಂದೇ ಪಕ್ಷ ಬೇಕು ಎಂದು ಟೀವಿಯಲ್ಲಿ ಕೂಗುವವರ ಜೊತೆ ನನ್ನನ್ನು ಸೇರಿಸಬೇಡಿ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ ಜನತಾ ಪಕ್ಷ ಗೆದ್ದಿದ್ದುದು 95 ಸ್ಥಾನ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಆಸರೆಯಾದವು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು, ಸ್ವಂತ ಬಹುಮತವೂ ಇಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನನ್ನು ಅಬ್ದುಲ್ ನಜೀರ್ ಸಾಬ್ ರೂಪಿಸಿದ್ದು, ಲೋಕಾಯುಕ್ತ ಕಾಯ್ದೆ ಬಂದದ್ದು ಆ ಅವಧಿಯಲ್ಲೇ. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷ ನೆಲಕಚ್ಚಿದಾಗ ಹೆಗಡೆ ರಾಜೀನಾಮೆ ಕೊಟ್ಟು, ವಿಧಾನಸಭೆಗೇ ಚುನಾವಣೆ ಎದುರಿಸಿ, 1985ರ ಮಾರ್ಚಿನಲ್ಲಿ 139 ಸ್ಥಾನಗಳೊಂದಿಗೆ ಮರಳಿದರು. ಹೊರಗಿನ ಬೆಂಬಲದ ಮೇಲೆ ನಿಂತ ಸರ್ಕಾರ ಕೆಲಸ ಮಾಡಲಾರದು ಎಂಬ ಮಾತನ್ನು ನಾನು ಒಪ್ಪದಿರಲು ಇದೇ ಕಾರಣ.

ಇನ್ನೊಂದಕ್ಕೆ ನಾನೇ ಸಾಕ್ಷಿ. ನಾನು ಹಾವೇರಿ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದವನು. 2006ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಆ ಜೆಡಿಎಸ್–ಬಿಜೆಪಿ ಸರ್ಕಾರ ಹುಟ್ಟಿದ ಬಗೆ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಕಾಂಗ್ರೆಸ್ ಜೊತೆ ಕೂಡಿ ಧರಂ ಸಿಂಗ್ ಸರ್ಕಾರದಲ್ಲಿದ್ದ ಜೆಡಿಎಸ್ ಶಾಸಕರು ಒಂದು ಬೆಳಗ್ಗೆ ಇನ್ನೊಂದು ಕಡೆಗಿದ್ದರು, ಮತದಾರನಿಗೆ ಅದು ಗೊತ್ತಾದದ್ದು ಪೇಪರಿನಲ್ಲಿ. ಆದರೆ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟದ್ದು ಅದೇ ಸರ್ಕಾರ. ಏಳನೆಯದು ಮುಗಿಸಿ, ಬಸ್ಸಿಲ್ಲದ ಊರೆಂದು ಮನೆಯಲ್ಲುಳಿಯಬೇಕಿದ್ದ ಹುಡುಗಿಯರು ಗುಂಪಾಗಿ ಸೈಕಲ್ ತುಳಿದುಕೊಂಡು ನಮ್ಮ ಶಾಲೆಗೆ ಬಂದರು. ಸೈಕಲ್ ನಿಲ್ಲಿಸಲು ಜಾಗ ಸಾಲದೆ ಬೇವಿನ ಮರದಡಿ ಹಗ್ಗ ಕಟ್ಟಿ ಬೇರೆ ಜಾಗ ಮಾಡಿಸಿದೆವು. ಎರಡು ಪಕ್ಷಗಳು ಕೂಡಿ ಮಾಡಿದ ಸರ್ಕಾರ ಬಡವರ ಮನೆ ಮುಟ್ಟಬಲ್ಲದು. ಅದರಲ್ಲಿ ನನಗೆ ಅನುಮಾನವಿಲ್ಲ.

ತಕರಾರು ಇರುವುದು ಕೂಡುವ ರೀತಿಯ ಬಗ್ಗೆ. ಆ ಸರ್ಕಾರ ಮುರಿದದ್ದು ಎಲ್ಲಿ ನೋಡಿ. ಇಪ್ಪತ್ತು ತಿಂಗಳು ನೀವು, ಇಪ್ಪತ್ತು ತಿಂಗಳು ನಾವು ಎಂಬ ಮಾತಾಗಿತ್ತು. 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರವಾಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿ, ಒಂದೇ ವಾರದಲ್ಲಿ, ಜೆಡಿಎಸ್ ಬೆಂಬಲ ಸಿಗದೆ ರಾಜೀನಾಮೆ ಕೊಟ್ಟರು. ಯಾರು ಮಾತಿಗೆ ತಪ್ಪಿದರು ಎಂಬ ಜಗಳದಲ್ಲಿ ನಾನು ತೀರ್ಪುಗಾರನಾಗಲು ಹೋಗುವುದಿಲ್ಲ. ಆ ಒಪ್ಪಂದವನ್ನು ಮಾಡಿಕೊಂಡವರು ಕೆಲವೇ ಮಂದಿ. ಅದು ಮುರಿದಾಗ ರಾಷ್ಟ್ರಪತಿ ಆಳ್ವಿಕೆ, ಮತ್ತೆ ಚುನಾವಣೆ ಎಂದು ಬೆಲೆ ತೆತ್ತವರು ನಾವೆಲ್ಲ.

2018ಕ್ಕೆ ಬನ್ನಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಅಂದಿನ ಮುಖ್ಯಮಂತ್ರಿ, ಕಾಂಗ್ರೆಸ್‌ನ ಸಿದ್ದರಾಮಯ್ಯನವರನ್ನು ಜೆಡಿಎಸ್‌ನ ಜಿ.ಟಿ. ದೇವೇಗೌಡರು ಸೋಲಿಸಿದರು. ಹಳೇ ಮೈಸೂರಿನ ಬಹುಪಾಲು ಕ್ಷೇತ್ರಗಳಲ್ಲಿ ಹೋರಾಟವಿದ್ದುದೇ ಈ ಎರಡು ಪಕ್ಷಗಳ ನಡುವೆ. ಕೆಲವೇ ದಿನಗಳಲ್ಲಿ ಎರಡೂ ಪಕ್ಷಗಳು ಒಂದೇ ಸರ್ಕಾರವಾದವು. ಜಿ.ಟಿ. ದೇವೇಗೌಡರು ಮಂತ್ರಿಯಾದರು, ಸಿದ್ದರಾಮಯ್ಯನವರು ಸಮನ್ವಯ ಸಮಿತಿಯ ಅಧ್ಯಕ್ಷರಾದರು. ಮೇಲೆ ಕೈ ಕುಲುಕಿದ್ದಾಯಿತು. ಕೆಳಗೆ, ಊರಲ್ಲಿ ಬ್ಯಾನರಿಗಾಗಿ ಹೊಡೆದಾಡಿ ಠಾಣೆ ಮೆಟ್ಟಿಲು ಹತ್ತಿದ್ದ ಕಾರ್ಯಕರ್ತರು ಏನು ಮಾಡಬೇಕು? ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ಇದರ ಫಲ ಕಂಡಿತು: ಮೈತ್ರಿಗೆ ಸಿಕ್ಕಿದ್ದು ಪಕ್ಷಕ್ಕೊಂದರಂತೆ ಎರಡೇ ಸ್ಥಾನ. ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರು ಸೋತರು, ಕೋಲಾರದಲ್ಲಿ ಕೆ.ಎಚ್. ಮುನಿಯಪ್ಪ ಸೋತರು. ನಾಯಕರು ಒಂದಾದರೆಂದು ಮತಗಳು ಒಂದಾಗಲಿಲ್ಲ.

ಇನ್ನು ಕಾರ್ಯಕ್ರಮದ ವಿಷಯ. 2018ರ ಮೇ 23ರಂದು ಈ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾಗಿ ಕುಮಾರಸ್ವಾಮಿಯವರ ಪ್ರಮಾಣವಚನವಾಯಿತು. ಜೂನ್ 1ರ ಹೊತ್ತಿಗೆ ಖಾತೆಗಳ ಹಂಚಿಕೆ ಬರವಣಿಗೆಗೆ ಇಳಿದಿತ್ತು: ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12. ನಿಗಮ ಮಂಡಳಿಗಳಲ್ಲಿ ಯಾರಿಗೆ ಎಷ್ಟು ಪಾಲು ಎಂಬುದೂ ಇತ್ಯರ್ಥವಾಗಿತ್ತು. ಸಾಮಾನ್ಯ ಕಾರ್ಯಕ್ರಮ ಮಾತ್ರ ಇನ್ನೂ ಸಮಿತಿಯ ಪಾಲಾಗಿತ್ತು. ಜುಲೈ 5ರಂದು ಬಜೆಟ್ ಬಂತು. 34 ಸಾವಿರ ಕೋಟಿ ರೂಪಾಯಿಯ ಬೆಳೆ ಸಾಲ ಮನ್ನಾ ಘೋಷಣೆಯಾಯಿತು, ಅದು ಜೆಡಿಎಸ್ ಮಾತು. ಅದೇ ಬಜೆಟ್ಟಿನಲ್ಲಿ ಅನ್ನಭಾಗ್ಯದ ಅಕ್ಕಿ ಏಳು ಕೆ.ಜಿ.ಯಿಂದ ಐದಕ್ಕೆ ಇಳಿಯಿತು. ಏಳು ಕೆ.ಜಿ. ಎಂಬುದು ಕಾಂಗ್ರೆಸ್ ತನ್ನ ಸಾಧನೆಯೆಂದು ಹೇಳಿಕೊಂಡು ಮತ ಕೇಳಿದ್ದ ಕಾರ್ಯಕ್ರಮ. ಕಾಂಗ್ರೆಸ್ಸಿಗರು ಗದ್ದಲವೆಬ್ಬಿಸಿದರು, ಕೆಲವೇ ದಿನಗಳಲ್ಲಿ ಅಕ್ಕಿ ಮತ್ತೆ ಏಳಾಯಿತು. ಸಾಲ ಮನ್ನಾ ಮುಖ್ಯವೋ ಅಕ್ಕಿ ಮುಖ್ಯವೋ ಎಂಬುದು ಬಜೆಟ್ಟಿಗೆ ಮುಂಚೆ ಕೂತು ತೀರ್ಮಾನಿಸಬೇಕಾದ ವಿಷಯ. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತ ಹೆಂಗಸಿಗೆ ಈ ತಿಂಗಳು ಐದೋ ಏಳೋ ಗೊತ್ತಿಲ್ಲ ಎಂಬಂತಾಗಬಾರದು.

ಒಂದು ಸಣ್ಣ ಮಾತು ನಡುವೆ. ಸಂವಿಧಾನದ 91ನೇ ತಿದ್ದುಪಡಿಯಿಂದಾಗಿ ಮಂತ್ರಿಮಂಡಲ ಸದನದ ಶೇ 15ನ್ನು ಮೀರುವಂತಿಲ್ಲ. ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. ಆದ್ದರಿಂದ ಗೆದ್ದವರೆಲ್ಲರನ್ನೂ ಮಂತ್ರಿ ಮಾಡಿ ಸಮಾಧಾನಪಡಿಸುವ ದಾರಿ ಈಗಿಲ್ಲ. ನಿಮ್ಮಲ್ಲಿ ಬಹಳ ಮಂದಿ ಮಂತ್ರಿಯಾಗುವುದಿಲ್ಲ ಎಂಬುದನ್ನು ದಯವಿಟ್ಟು ಟಿಕೆಟ್ ಕೇಳುವ ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಮಂತ್ರಿಗಿರಿ ಸಿಗದ ಮುನಿಸಿನಿಂದ ಈ ರಾಜ್ಯ ಕಂಡ ಆಟಗಳು ಸಾಕಷ್ಟಾಗಿವೆ.

2019ರ ಜುಲೈ 23ರಂದು ಆ ಮೈತ್ರಿ ಸರ್ಕಾರದ ವಿಶ್ವಾಸಮತಕ್ಕೆ ಪರವಾಗಿ 99, ವಿರುದ್ಧವಾಗಿ 105 ಬಿದ್ದವು. ರಾಜೀನಾಮೆ ಕೊಟ್ಟ ಮೈತ್ರಿಯ ಶಾಸಕರು ಅದಾಗಲೇ ಮುಂಬೈ ಸೇರಿದ್ದರು. ಸ್ಪೀಕರ್ ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ಜುಲೈ 26ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಆಗಸ್ಟ್ 20ರವರೆಗೆ ಅವರೊಬ್ಬರೇ ಸಂಪುಟ. ಆ ಆಗಸ್ಟಿನಲ್ಲೇ ಕೃಷ್ಣೆ, ಮಲಪ್ರಭೆ, ಘಟಪ್ರಭೆ, ವರದೆ, ತುಂಗಭದ್ರೆ ಎಲ್ಲವೂ ಉಕ್ಕಿದವು. ಬೆಳಗಾವಿ, ಬಾಗಲಕೋಟೆ ಮುಳುಗಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ನಮ್ಮ ಕಡೆ ವರದೆ ದಂಡೆಯ ಊರವರು ನಮ್ಮ ಶಾಲೆಯ ಗಂಜಿ ಕೇಂದ್ರಕ್ಕೆ ಬಂದರು. ಬೆಂಚುಗಳನ್ನು ಒತ್ತಿಟ್ಟು, ಎಂಟನೆಯ ತರಗತಿಯ ಕೋಣೆಯಲ್ಲಿ ಬಾಣಂತಿಯೊಬ್ಬಳಿಗೆ ಜಾಗ ಮಾಡಿಕೊಟ್ಟೆವು. ತಹಶೀಲ್ದಾರರು, ಪಿಡಿಒಗಳು, ಅಂಗನವಾಡಿಯವರು ಹಗಲು ರಾತ್ರಿ ದುಡಿದರು. ಮುಖ್ಯಮಂತ್ರಿಗಳೂ ಪ್ರವಾಹದ ಜಿಲ್ಲೆಗಳನ್ನು ಸುತ್ತಿದರು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಜಿಲ್ಲೆಗೊಬ್ಬ ಉಸ್ತುವಾರಿ ಮಂತ್ರಿ ಇರಲಿಲ್ಲ. ಕಂದಾಯಕ್ಕೆ, ಆರೋಗ್ಯಕ್ಕೆ, ಲೋಕೋಪಯೋಗಿಗೆ ಬೇರೆ ಮಂತ್ರಿಯಿರಲಿಲ್ಲ. "ಸರ, ಮಂತ್ರಿಗೋಳು ಯಾವಾಗ ಬರ್ತಾರ್ರಿ?" ಎಂದು ಕೇಳಿದ ರೈತನಿಗೆ ಏನು ಹೇಳಬೇಕಿತ್ತು, ನೀವೇ ಹೇಳಿ. ಮಂತ್ರಿಗಳೇ ಇಲ್ಲ ಎಂದರೆ ಅವನು ನಂಬುವಂತಿರಲಿಲ್ಲ.

ಅದೇ ವರ್ಷ ಡಿಸೆಂಬರ್ 5ರಂದು, ಅನರ್ಹತೆಯಿಂದ ತೆರವಾದ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ. ನಮ್ಮ ಜಿಲ್ಲೆಯಲ್ಲೇ ಎರಡು, ಹಿರೇಕೆರೂರು ಮತ್ತು ರಾಣೆಬೆನ್ನೂರು. ನನಗೆ ಪಿಆರ್‌ಒ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ, ಡ್ಯೂಟಿ ಬಂತು. ಮಸ್ಟರಿಂಗ್ ಮುಗಿಸಿ, ಪೆಟ್ಟಿಗೆ ಹೊತ್ತು ಊರು ಸೇರಿ, ಬೆಳಗ್ಗೆ ಮತಗಟ್ಟೆ ತೆರೆದ ಸ್ವಲ್ಪ ಹೊತ್ತಿಗೆ ವಯಸ್ಸಾದ ತಾಯಿಯೊಬ್ಬರು ಬಂದರು. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ಮಾಸ್ತರ, ಹ್ವಾದ ವರ್ಷ ಹಾಕಿದ ಓಟು ಎಲ್ಲಿ ಹೋತ್ರಿ?" ಎಂದರು. ಸಾಲಿನಲ್ಲಿದ್ದವರು ನಕ್ಕರು. ಏಜೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತಗಟ್ಟೆಯೊಳಗೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಹೊರಗಾಗಿದ್ದರೂ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಕೊಡಬೇಕಾದವರು ನೀವು.

ಆ ಹದಿನೈದರಲ್ಲಿ ಹನ್ನೆರಡನ್ನು ಬಿಜೆಪಿ ಗೆದ್ದಿತು. ಪಕ್ಷ ಬದಲಿಸಿ ಗೆದ್ದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಮಂತ್ರಿಗಳಾದರು. ಜನರೇ ಮತ್ತೆ ಆರಿಸಿದರಲ್ಲ, ಇನ್ನೇನು ತಕರಾರು ಎಂದು ನೀವು ಕೇಳಬಹುದು. ಸುಪ್ರೀಂ ಕೋರ್ಟ್ ಕೂಡ 2019ರ ನವೆಂಬರ್ 13ರ ತೀರ್ಪಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರೂ, ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಕಾನೂನು ಒಪ್ಪಿದೆ, ಜನ ಒಪ್ಪಿದ್ದಾರೆ, ನಿಜ. ಆದರೆ ಉಪಚುನಾವಣೆಯಲ್ಲಿ ಜನ ಮತ ಹಾಕುವುದು ಯಾವ ಲೆಕ್ಕದಲ್ಲಿ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಸರ್ಕಾರ ಯಾರದಿದೆ, ನಮ್ಮೂರ ಕೆರೆಗೆ ನೀರು, ರಸ್ತೆಗೆ ಡಾಂಬರು ಯಾರಿಂದ ಬಂದೀತು ಎಂಬ ಲೆಕ್ಕ ಅದು. ಹಿಂದಿನ ನಡೆಗೆ ಕೊಟ್ಟ ಕ್ಷಮಾಪತ್ರವೆಂದು ಅದನ್ನು ಓದಿಕೊಳ್ಳಬೇಡಿ.

ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗಬಾರದು, ಸದನದಲ್ಲೇ ಆಗಬೇಕು ಎಂಬ ತೀರ್ಪು ಬಂದದ್ದು ನಮ್ಮ ನೆಲದ ಪ್ರಕರಣದಲ್ಲೇ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಸದನದಲ್ಲಿ ಬಲಾಬಲ ತೋರಿಸುವ ಅವಕಾಶವನ್ನೇ ಕೊಡದೆ ವಜಾ ಮಾಡಲಾಯಿತು. ಸುಮಾರು ಐದು ವರ್ಷ ಕಳೆದು 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ತಪ್ಪೆಂದಿತು. ಬೊಮ್ಮಾಯಿಯವರಿಗೆ ಅಧಿಕಾರ ಮರಳಿ ಬರಲಿಲ್ಲ. ಆದರೆ ದೇಶದ ಪ್ರತಿ ಶಾಸಕನ ಎತ್ತಿದ ಕೈಗೆ ಅಂದಿನಿಂದ ಬೆಲೆ ಬಂತು. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ಸಾಬೀತಿಗೆ ಹದಿನೈದು ದಿನ ಕೊಟ್ಟಾಗ ಕೋರ್ಟು ಅದನ್ನು ಮೇ 19ಕ್ಕೇ ಇಳಿಸಿದ್ದು ಇದೇ ಹಾದಿಯಲ್ಲಿ. ಇಷ್ಟು ಬೆಲೆಯ ಕೈಯನ್ನು ಹಿಡಿದು ಬಸ್ಸು ಹತ್ತಿಸಿ, ಪರದೆ ಎಳೆದು, ರೆಸಾರ್ಟಿಗೆ ಸಾಗಿಸುವಾಗ ಒಬ್ಬರಾದರೂ ಕೆಳಗಿಳಿದು, ಬೆಂಗಳೂರಿನಲ್ಲಿ ನಮಗಾಗಿಯೇ ಶಾಸಕರ ಭವನವಿದೆ, ಅಲ್ಲೇ ಇರುತ್ತೇನೆ ಎಂದದ್ದನ್ನು ನಾನು ಓದಿಲ್ಲ. ಎಲ್ಲ ಪಕ್ಷಗಳೂ ಈ ಬಸ್ಸು ಓಡಿಸಿವೆ, ಯಾವುದನ್ನೂ ಬಿಟ್ಟು ಹೇಳುತ್ತಿಲ್ಲ.

ಹಾಗಾಗಿ ನನ್ನ ಕೋರಿಕೆಗಳು ಇವು. ನಿಮ್ಮ ಕರಪತ್ರದಲ್ಲಿ ದೇವರ ಚಿತ್ರಕ್ಕೆ, ನಾಯಕರ ಫೋಟೋಗಳಿಗೆ ಜಾಗವಿರುತ್ತದೆ. ಅದರಲ್ಲಿ ಆರೇಳು ಸಾಲು ಇದಕ್ಕೆ ಬಿಡಿ: ಬಹುಮತ ಬಾರದಿದ್ದರೆ ಈ ಪಕ್ಷದ ಜೊತೆ ಹೋಗಲು ನನ್ನ ಒಪ್ಪಿಗೆಯಿದೆ, ಈ ಪಕ್ಷದ ಜೊತೆ ಇಲ್ಲ, ಯಾರ ಜೊತೆ ಹೋದರೂ ಕ್ಷೇತ್ರದ ಈ ಕೆಲಸಗಳನ್ನು ಬಿಟ್ಟುಕೊಡುವುದಿಲ್ಲ. ವಿರೋಧ ಪಕ್ಷದಲ್ಲೇ ಕೂರುತ್ತೇನೆ ಎಂದು ಬರೆದರೂ ಸರಿ, ಅದೂ ಒಂದು ಉತ್ತರವೇ. ಗೆದ್ದು ಶಾಸಕಾಂಗ ಪಕ್ಷದ ಸಭೆಗೆ ಹೋದಾಗ, ನಾಯಕನಿಗೆ ಕೈಯೆತ್ತುವ ಮೊದಲು, ಜೊತೆಗಾರ ಪಕ್ಷದೊಡನೆ ಆದ ಒಪ್ಪಂದವನ್ನು ಓದಲು ಕೊಡಿ ಎಂದು ಕೇಳಿ. ಖಾತೆ ಹಂಚಿಕೆ ಮಾತ್ರವಲ್ಲ, ಸಾಲ ಮನ್ನಾ, ಅಕ್ಕಿ, ವಿದ್ಯುತ್ತು, ಶಿಕ್ಷಕರ ನೇಮಕ, ಎಲ್ಲದರ ಬಗ್ಗೆಯೂ ಅದರಲ್ಲಿ ಇರಲಿ. ಪ್ರಮಾಣವಚನಕ್ಕೆ ಮುಂಚೆ ಅದು ಕನ್ನಡದಲ್ಲಿ ಪೇಪರುಗಳಲ್ಲಿ ಬರಲಿ, ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೂ ಬರಲಿ. ಮುಂದೆ ಆ ಸರ್ಕಾರ ನಿಮಗೆ ಸಹಿಸದಂತಾದರೆ ರಾಜೀನಾಮೆ ಕೊಡುವುದು ನಿಮ್ಮ ಹಕ್ಕು, ಕೊಡಿ. ಆದರೆ ಅದನ್ನು ಮುಂಬೈಯಿಂದ ಅಲ್ಲ, ಕ್ಷೇತ್ರದ ಸಂತೆ ಮೈದಾನದಲ್ಲಿ ಜನರನ್ನು ಕರೆದು, ಕಾರಣ ಹೇಳಿ ಕೊಡಿ. ನಿಮ್ಮಿಂದಲೇ ಬಂದ ಉಪಚುನಾವಣೆಯಲ್ಲಿ ನೀವೇ ನಿಲ್ಲಬೇಡಿ, ಆ ಅವಧಿ ಮುಗಿಯುವವರೆಗೆ ಮಂತ್ರಿಯೂ ಆಗಬೇಡಿ. ಕಾನೂನು ಇದನ್ನು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

"ಮಾಸ್ತರ, ನಿಮಗ ರಾಜಕಾರಣ ತಿಳ್ಯಾಂಗಿಲ್ಲ. ಮೊದಲೇ ಹೇಳಿದರ ಎದುರಾಳಿ ಅದನ್ನ ಹಿಡಕೊಂಡು ಹೊಡಿತಾನ," ಎಂದು ಆಕಾಂಕ್ಷಿಯೊಬ್ಬರು ಈಗಾಗಲೇ ನನಗೆ ಹೇಳಿದ್ದಾರೆ. ಹೊಡೆಯಬಹುದು. ಕೆಲವು ಮತ ಕಳೆದುಕೊಳ್ಳಲೂಬಹುದು. ಕೇರಳದಲ್ಲಿ ದಶಕಗಳಿಂದ ಎಡರಂಗ, ಐಕ್ಯರಂಗ ಎಂದು ಮುಂಚೆಯೇ ಹೇಳಿಯೇ ಮತ ಕೇಳುತ್ತಾರೆ. ಯಾವ ಚಿಹ್ನೆಗೆ ಒತ್ತಿದರೆ ಯಾವ ಕಡೆಗೆ ಹೋಗುತ್ತದೆ ಎಂಬುದು ಅಲ್ಲಿನ ಮತದಾರನಿಗೆ ಗೊತ್ತು. ನಮ್ಮಲ್ಲೂ 2024ರ ಲೋಕಸಭೆಗೆ ಬಿಜೆಪಿ ಮತ್ತು ಜೆಡಿಎಸ್ ಮೊದಲೇ ಮೈತ್ರಿ ಸಾರಿ ಕಣಕ್ಕಿಳಿದವು. ಆ ಮೈತ್ರಿ ಇಷ್ಟವಿದ್ದವರು ಮತ ಕೊಟ್ಟರು, ಇಲ್ಲದವರು ಕಾಂಗ್ರೆಸ್ಸಿಗೆ ಕೊಟ್ಟರು. ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಫಲಿತಾಂಶ ಯಾರಿಗೆ ಹಿಡಿಸಿತೋ ಬಿಟ್ಟಿತೋ, ಮೋಸ ಹೋದೆವೆಂದು ಯಾರೂ ಹೇಳುವಂತಿರಲಿಲ್ಲ.

ಹೈಕಮಾಂಡ್ ಒಪ್ಪುವುದಿಲ್ಲ ಎಂಬುದು ಇನ್ನೊಂದು ಉತ್ತರ. ಇದು ನಿಜವಾದ ತೊಡಕು, ನಾನು ಹಗುರವಾಗಿ ಕಾಣುವುದಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಬಂದ 1985ರಿಂದ ವಿಪ್ ಮೀರಿದ ಶಾಸಕನ ಸ್ಥಾನವೇ ಹೋಗುತ್ತದೆ. ಆದರೆ ಗೆಲ್ಲುವ ಮೊದಲು, ಟಿಕೆಟಿನ ಮಾತುಕತೆಯಲ್ಲಿ, ನಿಮಗೆ ವಿಪ್ ಇಲ್ಲ. ನಿಮ್ಮಂಥ ನೂರು ಆಕಾಂಕ್ಷಿಗಳು ಆ ಕೋಣೆಯಲ್ಲಿ ಈ ಪ್ರಶ್ನೆ ಎತ್ತಿದರೆ ಪಕ್ಷದ ಪ್ರಣಾಳಿಕೆಯಲ್ಲೇ ಉತ್ತರ ಬರೆಯಬೇಕಾದೀತು. ಅಲ್ಲಿ ಬಾಯಿ ಬಿಡದವರು ಆಮೇಲೆ ಹೈಕಮಾಂಡನ್ನು ದೂರಬಾರದು.

ಮುಂದಿನ ಚುನಾವಣೆಯಲ್ಲಿ ನಮ್ಮ ಓಣಿಗೆ ಬರುವ ಪ್ರತಿ ಕರಪತ್ರದಲ್ಲೂ ನಾನು ಆ ಆರೇಳು ಸಾಲುಗಳನ್ನು ಹುಡುಕುತ್ತೇನೆ. ಇಲ್ಲದಿದ್ದರೆ ನಿಮ್ಮನ್ನು ನಿಲ್ಲಿಸಿ ಕೇಳುತ್ತೇನೆ, ನೆರೆಹೊರೆಯವರಿಗೂ ಕೇಳಲು ಹೇಳುತ್ತೇನೆ. ಉತ್ತರ ಸಿದ್ಧಮಾಡಿಕೊಂಡೇ ಬನ್ನಿ ಎಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ ಮತ್ತು ಮತದಾರ,
ಹಾವೇರಿ ಜಿಲ್ಲೆ